ಸೈಕಲ್ಲಿಗೊಂದು ಬೇರೆ ಹಾದಿ

ಕಳೆದ ಶ್ರಾವಣದ ಒಂದು ಶುಕ್ರವಾರ ಬೆಳಗ್ಗೆ, ಪೂಜೆಗೆ ಹೂವು ವೀಳ್ಯದೆಲೆಗಳನ್ನು ತರಲೆಂದು ನಾವು ಎಂದಿನಂತೆ ಸೈಕಲ್ಲನ್ನೇರಿ ಬಡಾವಣೆಯ ದೊಡ್ಡ ರಸ್ತೆಗೆ ಬಂದೆವು. ಬೆಂಗಳೂರಿನ ಈ ನಮ್ಮ ರಸ್ತೆಯ ಎಡ ಅಂಚಿನಲ್ಲಿ ಸೈಕಲ್ಲಿನವರಿಗೆಂದೇ ಒಂದು ಹಾದಿಯನ್ನು ಬೇರ್ಪಡಿಸಿ, ಬಿಳಿಯ ಗೆರೆಯನ್ನೆಳೆದು, ನೆಲದ ಮೇಲೆ ಸೈಕಲ್ಲಿನ ಚಿತ್ರವನ್ನೂ ಬರೆದಿದ್ದಾರೆ. ಆ ದಿನ ಅದರ ಮೇಲೆ ನಮಗೆ ಕಂಡುದು ನಾಲ್ಕು ಕಾರುಗಳು, ಒಂದು ಎಳನೀರಿನ ಗಾಡಿ, ಮನೆ ಕಟ್ಟಿಸುವವರು ಸುರಿದಿದ್ದ ಜಲ್ಲಿಯ ರಾಶಿ, ಮತ್ತು ಆ ರಾಶಿಯ ಮೇಲೆ ಸುಖವಾಗಿ ಮಲಗಿದ್ದ ಒಂದು ನಾಯಿ. ಆದುದರಿಂದ ನಾವು ಗೆರೆಯ ಈಚೆಗೆ, ರಸ್ತೆಯಲ್ಲಿಯೇ ಹೋಗುತ್ತಿದ್ದೆವು. ಹಿಂದಿನಿಂದ ಹಾರನ್ನು ಎರಡು ಮೂರು ಸಲ ಕೂಗಿತು. ಬಳಿಕ ಒಂದು ಕಾರು ನಮ್ಮ ಸಮಕ್ಕೆ ಬಂದಿತು. ಅದರ ಗಾಜು ಇಳಿಯಿತು.

"ಯಜಮಾನ್ರೇ, ನಿಮಗೇ ಅಂತ ಪಕ್ಕದಲ್ಲಿ ದಾರಿ ಮಾಡಿಲ್ವಾ? ಅಲ್ಲಿ ಹೋಗೋಕೇನು ನಿಮಗೆ?"

ನಾವು ಜಲ್ಲಿಯ ಕಡೆಗೆ ಕೈ ತೋರಿಸುವಷ್ಟರಲ್ಲಿ ಗಾಜು ಏರಿತು. ಕಾರು ಮುಂದೆ ಹೋಯಿತು. ಅಲ್ಲಿಂದ ಮುಂದಿನ ದೀಪದ ಕಂಬದ ಬಳಿ ಕೆಂಪು ದೀಪಕ್ಕೆ ಅವರೂ ನಿಂತರು, ನಾವೂ ನಿಂತೆವು. ಆಗ ಅವರು ನಮ್ಮ ಕಡೆಗೆ ನೋಡಲಿಲ್ಲ.

ಈ ಮಾತನ್ನು ನಾವು ಮನೆಯಲ್ಲಿ ಆಡದೆ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ಮಗಳೂ ಅಳಿಯಂದಿರೂ ಮೇಲಿನ ಅಂತಸ್ತಿನಲ್ಲಿಯೇ ವಾಸವಾಗಿದ್ದಾರೆ. ಹಬ್ಬಹುಣ್ಣಿಮೆಗಳಲ್ಲಿ ಊಟ ಒಟ್ಟಿಗೆ. ಎಲೆಯ ಮುಂದೆ ಕುಳಿತಾಗ ನಾವು ನಗೆಯ ಮಾತೆಂದು ಇದನ್ನು ಹೇಳಲು, ಅಳಿಯಂದಿರು ನಗಲಿಲ್ಲ. "ಮಾವ, ಆತ ಕೇಳಿದ್ದರಲ್ಲಿ ತಪ್ಪೇನು? ಜನದ ತೆರಿಗೆಯ ದುಡ್ಡಿನಲ್ಲಿ ನಿಮಗೆ ಬೇರೆ ಹಾದಿ ಮಾಡಿಕೊಟ್ಟ ಮೇಲೂ ನೀವು ರಸ್ತೆಗೇ ಬಂದರೆ, ಆ ಹಾದಿ ಯಾಕೆ ಬೇಕಿತ್ತು? ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಲೇನು ಮಾಡಿದರಲ್ಲ, ಅದು ಏನಾಯ್ತು? ಉಳಿಯಲಿಲ್ಲ. ಉಪಯೋಗಿಸದ ಹಾದಿಯನ್ನು ಯಾರು ತಾನೇ ಉಳಿಸುತ್ತಾರೆ?" ಎಂದರು. ಅವರು ಪ್ರತಿದಿನ ಎರಡೂವರೆ ಗಂಟೆಯ ಕಾಲ ಕಾರಿನಲ್ಲಿ ಕುಳಿತು ಕಚೇರಿಗೆ ಹೋಗಿಬರುವವರು. ರಸ್ತೆಯ ವಿಷಯದಲ್ಲಿ ಅವರ ತಾಳ್ಮೆಗೆ ಮಿತಿಯುಂಟೆಂಬುದನ್ನು ನಾವು ಬಲ್ಲೆವು.

ಮಾತು ಅಲ್ಲಿಗೇ ನಿಲ್ಲಬಹುದಾಗಿತ್ತು. ಆದರೆ ಎಂಟನೆಯ ತರಗತಿಯ ನಮ್ಮ ಮೊಮ್ಮಗಳು ಎರಡು ತಿಂಗಳಿಂದ ಶಾಲೆಗೆ ಸೈಕಲ್ಲಿನಲ್ಲಿ ಹೋಗಲು ಅಪ್ಪಣೆ ಬೇಡುತ್ತಿದ್ದಳು. ಶಾಲೆ ಎರಡೂವರೆ ಕಿಲೋಮೀಟರು ದೂರ. ಹೋಗಬೇಕಾದುದು ಅದೇ ದೊಡ್ಡ ರಸ್ತೆಯಲ್ಲಿ. ಮಗಳು ಅಲ್ಲಿಯೇ ತೀರ್ಪು ಕೊಟ್ಟಳು: "ಹೋಗುವುದಾದರೆ ಲೇನಿನಲ್ಲೇ ಹೋಗಬೇಕು. ಒಂದು ಅಡಿ ಈಚೆ ಬರಕೂಡದು. ಆಗದಿದ್ದರೆ ಶಾಲೆಯ ಬಸ್ಸೇ ಸರಿ." ಮೊಮ್ಮಗಳು ನಮ್ಮ ಮುಖವನ್ನು ನೋಡಿದಳು. ಒಂದು ಅಡಿ ಈಚೆಗೆ ಬಾರದೆ ಆ ಹಾದಿಯಲ್ಲಿ ಯಾರೂ ಹೋಗಲಾರರೆಂಬುದು ನಮ್ಮಿಬ್ಬರಿಗೂ ಗೊತ್ತು.

ಮಗಳ ಭಯಕ್ಕೆ ಕಾರಣವಿಲ್ಲದಿಲ್ಲ. ಮೂರು ವರ್ಷಗಳ ಹಿಂದೆ ನಾವು ಸೈಕಲ್ಲಿನಿಂದ ಬಿದ್ದು ಬಲ ಮಣಿಕಟ್ಟನ್ನು ಮುರಿದುಕೊಂಡೆವು. ಆರು ವಾರ ಕಟ್ಟು ಹಾಕಿಸಿಕೊಂಡು ಕುಳಿತು, ಅನ್ನವನ್ನು ಎಡಗೈಯಲ್ಲಿ ಚಮಚದಿಂದ ಉಣ್ಣಬೇಕಾಯಿತು; ನಮ್ಮ ಗೃಹಿಣಿಯವರು ಅಂದಿನಿಂದ ನಮ್ಮ ಸೈಕಲ್ಲನ್ನು 'ಶನಿ' ಎಂದೇ ಕರೆಯುತ್ತಾರೆ. ಆದರೆ ನಾವು ಬಿದ್ದುದು ಎಲ್ಲಿ? ಆ ಸೈಕಲ್ ಹಾದಿಯಲ್ಲಿಯೇ. ಅದು ಬರಿದಾಗಿದ್ದ ಅಪೂರ್ವವಾದ ಒಂದು ಭಾನುವಾರ ನಾವು ಗೆರೆಯೊಳಗೇ ವಿಧೇಯರಾಗಿ ಹೋಗುತ್ತಿರಲು, ನಮ್ಮ ಬಲಗಡೆಯಲ್ಲಿ ಬರುತ್ತಿದ್ದ ಕಾರೊಂದು ಮಿಠಾಯಿ ಅಂಗಡಿಯ ಅಡ್ಡರಸ್ತೆಗೆ ಥಟ್ಟನೆ ಎಡಕ್ಕೆ ತಿರುಗಿತು. ಓಡಿಸುತ್ತಿದ್ದಾತ ಒಳ್ಳೆಯ ಮನುಷ್ಯ. ಇಳಿದು ಬಂದು ನಮ್ಮನ್ನೆತ್ತಿ, ವೈದ್ಯರ ಬಳಿಗೂ ಕರೆದೊಯ್ದ. "ನಿಮ್ಮನ್ನು ನೋಡಲೇ ಇಲ್ಲ ಸಾರ್" ಎಂದು ಅವನು ಹತ್ತು ಸಲ ಹೇಳಿದುದು ಸತ್ಯವಾದ ಮಾತೇ. ಮುಂದೆ ಹೋಗುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಪಕ್ಕದ ಹಾದಿಯ ಸೈಕಲ್ಲು ಲೆಕ್ಕದ ಹೊರಗೆ. ನಿಂತ ಕಾರುಗಳ ಸಾಲಿನ ಮರೆಯಲ್ಲಿ ಬಂದು ಅಡ್ಡರಸ್ತೆಯ ಬಾಯಿಯಲ್ಲಿ ಅದು ಹಠಾತ್ತಾಗಿ ಪ್ರತ್ಯಕ್ಷವಾಗುತ್ತದೆ. ಹಿಂದಿನಿಂದ ಗುದ್ದುವರೆಂಬ ಹೆದರಿಕೆಯನ್ನು ಆ ಗೆರೆ ಕಡಿಮೆ ಮಾಡುವುದೇನೋ ನಿಜ. ಆದರೆ ಅಡ್ಡರಸ್ತೆ ಬಂದಲ್ಲಿ ಗೆರೆಯೂ ಮುಗಿಯುತ್ತದೆ, ಕಾಪೂ ಮುಗಿಯುತ್ತದೆ. ನಮ್ಮ ರಸ್ತೆಯಲ್ಲಿ ಇಂಥ ಅಡ್ಡರಸ್ತೆಗಳು ಶಾಲೆಯವರೆಗೆ ಹದಿನೇಳು. ಇದನ್ನು ನಾವು ಎಣಿಸಿದ್ದೇವೆ.

ಬಾಲ್ಯದಲ್ಲಿ ನಮಗೆ ಈ ಪ್ರಶ್ನೆಯೇ ಇರಲಿಲ್ಲ. ನಮ್ಮ ತಾಲ್ಲೂಕು ಊರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು, ಬಾರಿನ ಕೆಳಗಿನಿಂದ ಕಾಲು ತೂರಿಸಿ ತುಳಿಯುವುದನ್ನು ಕಲಿತೆವು. ಸ್ವಂತ ಸೈಕಲ್ಲಿಗೆ ಪುರಸಭೆಗೆ ತೆರಿಗೆ ಕಟ್ಟಿ ಲೋಹದ ಬಿಲ್ಲೆಯನ್ನು ತಗುಲಿಸಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೋಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಕಷ್ಟವಾಗುತ್ತಿತ್ತು, ನಿಜ, ಆದರೆ ತೆರಿಗೆಯೂ ದೀಪವೂ ಶಿಕ್ಷೆಯೂ ಇದ್ದುದರಿಂದಲೇ ಸೈಕಲ್ಲೂ ಒಂದು ವಾಹನವೆಂದು ಎಲ್ಲರೂ ಒಪ್ಪಿದಂತಾಗಿತ್ತು. ರಸ್ತೆ ಎತ್ತಿನ ಗಾಡಿಯದು, ಜಟಕಾದ್ದು, ಬಸ್ಸಿನದು, ನಮ್ಮದು.

ಹಾದಿ ಮಾಡಿದ ಮೇಲೆ ಸೈಕಲ್ಲಿನವನು ಅದರಲ್ಲಿಯೇ ಹೋಗತಕ್ಕದ್ದೋ, ಅಥವಾ ರಸ್ತೆಯೂ ಅವನದಾಗಿ ಉಳಿಯುವುದೋ ಎಂಬ ಪ್ರಶ್ನೆಯನ್ನು ನಾವು ಮೊದಲ ಬಾರಿ ಎದುರಿಸಿದುದು ಜರ್ಮನಿಯಲ್ಲಿ. ನಮ್ಮ ಮಗ ಮ್ಯೂನಿಚ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ನಿವೃತ್ತಿಯ ನಂತರ ಒಂದು ಬೇಸಿಗೆಯ ಮೂರು ತಿಂಗಳನ್ನು ಅವನ ಮನೆಯಲ್ಲಿ ಕಳೆದೆವು. ಅವನು ತನ್ನ ಎರಡನೆಯ ಸೈಕಲ್ಲನ್ನು ನಮಗೆ ಒಪ್ಪಿಸುವ ಮುನ್ನ ಹೇಳಿದ ಮೊದಲ ಮಾತು, ಬಲಗಡೆಯಲ್ಲಿ ಹೋಗಬೇಕೆಂಬುದು, ಎರಡನೆಯದು, "ಅಪ್ಪ, ನೀಲಿಯ ದುಂಡನೆಯ ಫಲಕದಲ್ಲಿ ಬಿಳಿಯ ಸೈಕಲ್ಲು ಬರೆದಿದ್ದರೆ ಆ ಹಾದಿಯಲ್ಲಿಯೇ ಹೋಗಬೇಕು. ಹಾದಿ ಇದ್ದೂ ಫಲಕ ಇಲ್ಲದಿದ್ದರೆ, ನಿಮ್ಮ ಇಷ್ಟ" ಎಂದು. ಹಾದಿಯ ಪಕ್ಕದಲ್ಲಿ ಹಾದಿ, ಒಂದು ಕಡ್ಡಾಯ, ಒಂದು ಇಷ್ಟ! ಇದೇನು ವಿಚಿತ್ರವೆಂದು ನಾವು ಕೇಳಿದುದಕ್ಕೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಕೊಟ್ಟವರು ಅದೇ ಕಟ್ಟಡದ ಕೆಳಮನೆಯಲ್ಲಿದ್ದ ಒಬ್ಬ ವೃದ್ಧ ಉಪಾಧ್ಯಾಯರು. ಆತ ದಿನವೂ ಬೆಳಗ್ಗೆ ಸೈಕಲ್ಲಿನಲ್ಲಿ ಹೋಗಿ ರೊಟ್ಟಿ ತರುವವರು. ನಾವು ಹೂವು ತರುವವರು. ಆದುದರಿಂದ ಸ್ನೇಹವಾಗಲು ತಡವಾಗಲಿಲ್ಲ.

ಕಥೆ ನಡೆದುದು ಹೀಗೆ. ಹಿಟ್ಲರನ ಸರ್ಕಾರ ಬಂದ ಮರುವರ್ಷ, ಎಂದರೆ 1934ರ ಅಕ್ಟೋಬರ್ 1ರಿಂದ, ಇಡೀ ಜರ್ಮನಿಗೆ ಒಂದೇ ಸಂಚಾರ ಕಾಯಿದೆ ಜಾರಿಗೆ ಬಂದಿತು. ಸೈಕಲ್ ಹಾದಿ ಇದ್ದ ಕಡೆ ಸೈಕಲ್ಲಿನವರು ಅದರಲ್ಲಿಯೇ ಹೋಗತಕ್ಕದ್ದೆಂದು ಅದರಲ್ಲಿ ವಿಧಿಸಲಾಯಿತು. ಆ ಕಾಲದಲ್ಲಿ ಅಲ್ಲಿ ಕಾರುಗಳಿಗಿಂತ ಸೈಕಲ್ಲುಗಳೇ ಎಷ್ಟೋ ಪಾಲು ಹೆಚ್ಚು. ಆದರೂ ದೇಶವನ್ನು ಮೋಟಾರಿನ ದೇಶವನ್ನಾಗಿ ಮಾಡಬೇಕೆಂಬುದು ಆಳುವವರ ಹಂಬಲ. ಹೆಚ್ಚಾಗಿದ್ದವರನ್ನು ಬದಿಗೆ ಸರಿಸಿ, ಕಡಿಮೆಯಾಗಿದ್ದವರಿಗೆ ನಡುರಸ್ತೆಯನ್ನು ತೆರವು ಮಾಡಿಕೊಟ್ಟರು. ಆ ಸರ್ಕಾರ ಬಿದ್ದು, ದೇಶ ಒಡೆದು, ಮತ್ತೆ ಕೂಡಿದರೂ ಈ ವಿಧಿ ಮಾತ್ರ ಹಾಗೆಯೇ ಉಳಿಯಿತು. 1997ರಲ್ಲಿ ಕಾಯಿದೆಯನ್ನು ತಿದ್ದಿ, 1998ರ ಅಕ್ಟೋಬರಿನಿಂದ ನೀಲಿ ಫಲಕ ಹಾಕಿದ ಹಾದಿಗಳು ಮಾತ್ರ ಕಡ್ಡಾಯವೆಂದು ಮಾಡಿದರು. ಊರೂರಿನ ಅಧಿಕಾರಿಗಳು ಸುಮ್ಮನಿರುತ್ತಾರೆಯೆ? ಹಳೆಯ ಹಾದಿಗಳಿಗೆಲ್ಲ ಧಾರಾಳವಾಗಿ ಫಲಕ ನೆಟ್ಟರು.

ಮ್ಯೂನಿಚ್ಚಿನಂತೆಯೇ ಬವೇರಿಯಾ ಪ್ರಾಂತಕ್ಕೆ ಸೇರಿದ ರೇಗೆನ್ಸ್‌ಬುರ್ಗ್ ಎಂಬ ಊರಿನಲ್ಲಿ ಒಬ್ಬ ಸೈಕಲ್ಲಿನವರು ಅಂಥ ಫಲಕದ ಮೇಲೆ ವ್ಯಾಜ್ಯ ಹೂಡಿದರು. ಅದು ಮೆಟ್ಟಿಲು ಮೆಟ್ಟಿಲಾಗಿ ಏರಿ ಲೈಪ್‌ಜಿಗ್ಗಿನಲ್ಲಿರುವ ಆಡಳಿತ ವಿಷಯಗಳ ಉಚ್ಚ ನ್ಯಾಯಸ್ಥಾನವನ್ನು ಮುಟ್ಟಿತು. 2010ರ ನವೆಂಬರ್ 18ರಂದು ಬಂದ ತೀರ್ಪಿನ ತಾತ್ಪರ್ಯವಿಷ್ಟೆ: ರಸ್ತೆಯ ಸಂಚಾರದಲ್ಲಿ ಎಲ್ಲರಿಗೂ ಎಲ್ಲೆಡೆಯೂ ಇರುವ ಸಾಮಾನ್ಯ ಅಪಾಯ ಸಾಲದು, ಆ ಸ್ಥಳದ ವಿಶೇಷ ಸ್ಥಿತಿಯಿಂದ ಅದಕ್ಕಿಂತ ಬಹಳ ಹೆಚ್ಚಿನ ಅಪಾಯವುಂಟೆಂದು ಕಂಡುಬಂದರೆ ಮಾತ್ರ ಸೈಕಲ್ಲಿನವನನ್ನು ರಸ್ತೆಯಿಂದ ಹೊರಗಿಡಬಹುದು. ರಸ್ತೆಯಲ್ಲಿ ಹೋಗುವುದು ಮೊದಲು, ಅದನ್ನು ತಡೆಯುವುದಕ್ಕೆ ಕಾರಣ ಬೇಕು. ಕಾರಣ ಹೇಳಬೇಕಾದವರು ತಡೆಯುವವರು. ಆ ಉಪಾಧ್ಯಾಯರು ಇದನ್ನು ಹೇಳುವಾಗ ರೊಟ್ಟಿಯ ಚೀಲವನ್ನು ಕೈಯಲ್ಲಿ ಹಿಡಿದೇ ಅರ್ಧ ಗಂಟೆ ನಿಂತಿದ್ದರು. ಫಲಕವಿದ್ದರೂ ಹಿಮವೋ ಅಡ್ಡಿಯೋ ಬಿದ್ದು ಹಾದಿ ಉಪಯೋಗಕ್ಕೆ ಬಾರದಿದ್ದರೆ ರಸ್ತೆಗೆ ಬರಬಹುದೆಂಬುದನ್ನೂ ಅವರೇ ಹೇಳಿದರು. ಜಲ್ಲಿಯ ರಾಶಿಯ ಮೇಲೆ ನಾಯಿ ಮಲಗಿದ್ದರೆ ಹೇಗೆಂದು ಅಂದು ಕೇಳಲು ನಮಗೆ ತೋಚಲಿಲ್ಲ.

ವಾಚಕರಿಗೆ ಕುತೂಹಲವೆನಿಸಬಹುದಾದ ಒಂದು ಸಂಗತಿ: ಅದೇ 1934ರ ಡಿಸೆಂಬರ್ 14ರಂದು ಇಂಗ್ಲೆಂಡಿನ ಸಾರಿಗೆಯ ಮಂತ್ರಿ ಹೋರ್ ಬೆಲೀಷಾ ಎಂಬವರು ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಎಂಬ ಮಾರ್ಗದ ಇಕ್ಕೆಲಗಳಲ್ಲಿ ಸೈಕಲ್ ಹಾದಿಯನ್ನು ಉದ್ಘಾಟಿಸಿದರು. ಎಂಟೂವರೆ ಅಡಿ ಅಗಲ, ಸುಮಾರು ಎರಡೂವರೆ ಮೈಲಿ ಉದ್ದ. ಇಂಥ ಉಪಕಾರವನ್ನು ಕಂಡು ಸೈಕಲ್ಲಿನವರು ಹಿಗ್ಗಬೇಕಾಗಿತ್ತು. ಆದರೆ ಅವರ ಸಂಘದವರೇ ಅದನ್ನು ವಿರೋಧಿಸಿದರು. ಇಂದು ಹಾದಿ ಕೊಡುವರು, ನಾಳೆ ಅದರಲ್ಲಿಯೇ ಹೋಗೆನ್ನುವರು, ಆಮೇಲೆ ರಸ್ತೆ ತಮ್ಮದಲ್ಲದೆ ಹೋಗುವುದೆಂಬುದು ಅವರ ಅಂಜಿಕೆ. ಸೈಕಲ್ಲೂ ಒಂದು ಗಾಡಿಯೆಂದು 1888ರ ಕಾಯಿದೆಯಿಂದ ಅವರಿಗೆ ದೊರೆತಿದ್ದ ಹಕ್ಕು ಅದು. ಅದನ್ನು ಎಂಟೂವರೆ ಅಡಿ ಕಾಂಕ್ರೀಟಿಗೆ ಮಾರಲು ಅವರು ಸಿದ್ಧರಿರಲಿಲ್ಲ. ಮೊದಲು ಇದನ್ನು ಓದಿದಾಗ ಇವರೆಂಥ ಹಟಮಾರಿಗಳು ಎಂದುಕೊಂಡೆವು. ಜರ್ಮನಿಯ ಕಥೆಯನ್ನು ಕೇಳಿದ ಮೇಲೆ ಹಾಗೆನ್ನಲು ನಾಲಗೆ ಬಾರದು. ಅವರ ಹಟದಿಂದಲೋ ಏನೋ, ಆ ದೇಶದಲ್ಲಿ ಹಾದಿ ಇಂದಿಗೂ ಕಡ್ಡಾಯವಾಗಿಲ್ಲ. 2022ರಲ್ಲಿ ಪರಿಷ್ಕರಿಸಿದ ಅಲ್ಲಿಯ ಹೆದ್ದಾರಿ ಸಂಹಿತೆಯೂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ಇಷ್ಟನ್ನೂ ನಾವು ಅಳಿಯಂದಿರ ಮುಂದೆ ವಿಸ್ತರಿಸಿದೆವು. ಅವರು ಬುದ್ಧಿವಂತರು, ಒಡನೆಯೇ, "ಹಾಗಾದರೆ ಡೆನ್ಮಾರ್ಕು? ಅಲ್ಲಿ ಕಡ್ಡಾಯವಲ್ಲವೆ?" ಎಂದರು. ಹೌದು, ಅಲ್ಲಿ ಕಡ್ಡಾಯವೇ. ಹಾಲೆಂಡಿನಲ್ಲಿಯೂ ದುಂಡು ನೀಲಿ ಫಲಕವಿದ್ದರೆ ಕಡ್ಡಾಯ; ಹಾದಿಯ ಹೆಸರು ಬರೆದ ಆಯತದ ಫಲಕವಿದ್ದರೆ ಅಲ್ಲ. ಆದರೆ ಕೋಪನ್‌ಹೇಗನ್ನಿನ ಹಾದಿಯನ್ನು ನೋಡಬೇಕು. ಮಗ ನಮ್ಮನ್ನು ನಾಲ್ಕು ದಿನ ಅಲ್ಲಿಗೂ ಕರೆದೊಯ್ದಿದ್ದ. ರಸ್ತೆಗಿಂತ ಒಂದು ಅಂಚುಗಲ್ಲಿನಷ್ಟು ಎತ್ತರ, ಕಾಲುಹಾದಿಗಿಂತ ಒಂದು ಅಂಚುಗಲ್ಲಿನಷ್ಟು ತಗ್ಗು. ಕಾರು ಅದನ್ನು ಹತ್ತಿ ನಿಲ್ಲುವ ಮಾತಿಲ್ಲ. ಬೆಳಗಿನ ಹೊತ್ತು ತಾಯಂದಿರು ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು, ಮುದುಕರು, ಉಡುಪು ಕೆಡದ ಕಚೇರಿಯವರು, ಸಾಲುಸಾಲಾಗಿ ಹೋಗುತ್ತಾರೆ. ಅಂಥ ಹಾದಿ ಇದ್ದಲ್ಲಿ ನಮ್ಮನ್ನು ಕೈ ಹಿಡಿದೆಳೆದರೂ ನಾವು ರಸ್ತೆಗೆ ಹೋಗೆವು. ಆಜ್ಞೆಯ ಭಾರವೇ ಅಲ್ಲಿ ತೋರುವುದಿಲ್ಲ. ಅಳಿಯಂದಿರು, "ಅಂಥದ್ದನ್ನು ಇಲ್ಲಿ ಮಾಡುವವರೆಗೆ ಕಾಯಬೇಕೆ?" ಎಂದರು. ಕಾಯಬೇಕಾದುದು ಆಜ್ಞೆಯಲ್ಲವೆ, ನಾವು ಕಾಯುವುದೇಕೆ?

ನಮ್ಮ ದೇಶದ ಹಳೆಯ ನಿಯಮ ಇದನ್ನು ಬೇರೊಂದು ಬಗೆಯಲ್ಲಿ ಕಂಡಿತ್ತು. ಸೈಕಲ್ಲಿಗೆಂದು ಮಾಡಿದ ಹಾದಿಯಲ್ಲಿ, ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿಯ ಅನುಮತಿ ಇಲ್ಲದೆ, ಮೋಟಾರನ್ನು ಓಡಿಸಕೂಡದೆಂದು 1989ರ ರಸ್ತೆ ನಿಯಮಗಳಲ್ಲಿತ್ತು. ಎಂದರೆ ಹೊರಗಿರಬೇಕೆಂದು ಹೇಳಿಸಿಕೊಂಡವನು ಮೋಟಾರಿನವನು. ಈಗೀಗ ಮಾತಿನ ಮುಖ ತಿರುಗುತ್ತಿದೆ. 2013ರಲ್ಲಿ ಕಲ್ಕತ್ತೆಯ ಪೋಲೀಸಿನವರು 174 ರಸ್ತೆಗಳಲ್ಲಿ ಸೈಕಲ್ಲುಗಳನ್ನು ನಿಷೇಧಿಸಿದರು. ಹಾಲಿನವನೂ ಪತ್ರಿಕೆ ಹಂಚುವವನೂ ತಮ್ಮ ಕೆಲಸಕ್ಕಾಗಿ ದಂಡ ತೆರುವಂತಾಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಯ 138ನೆಯ ಪ್ರಕರಣಕ್ಕೆ ಒಂದು ಹೊಸ ಉಪಪ್ರಕರಣ ಸೇರಿ, ಯಂತ್ರವಿಲ್ಲದ ವಾಹನಗಳೂ ಕಾಲುನಡಿಗೆಯವರೂ ಸಾರ್ವಜನಿಕ ಸ್ಥಳಗಳಲ್ಲಿ ಹೇಗೆ ಸಂಚರಿಸಬೇಕೆಂದು, ರಸ್ತೆ ಸುರಕ್ಷತೆಯ ಸಲುವಾಗಿ, ನಿಯಮ ಮಾಡುವ ಅಧಿಕಾರ ರಾಜ್ಯಗಳಿಗೆ ಬಂದಿತು. ಆ ಅಧಿಕಾರದಿಂದ ಒಳ್ಳೆಯ ಹಾದಿಯೂ ಹುಟ್ಟಬಹುದು, ಕೆಟ್ಟ ಹಾದಿಗೆ ಬೇಲಿಯೂ ಹುಟ್ಟಬಹುದು.

ಬೆಂಗಳೂರು ಮೈಸೂರಿನ ಹೊಸ ಹೆದ್ದಾರಿಯ ಮಾತು ಬೇರೆ. 2023ರ ಆಗಸ್ಟ್ 1ರಿಂದ ಅದರ ನಡುವಣ ಆರು ಸಾಲುಗಳಿಂದ ಬೈಕು, ಆಟೋ, ಟ್ರಾಕ್ಟರುಗಳ ಜೊತೆಗೆ ಸೈಕಲ್ಲನ್ನೂ ಹೊರಗಿಟ್ಟು ಪಕ್ಕದ ರಸ್ತೆಗೆ ಕಳುಹಿಸಿದರು. ನಮ್ಮ ಮಿತ್ರರೊಬ್ಬರು ಇದನ್ನು ಅನ್ಯಾಯವೆಂದು ಬಹಳ ಬಿಸಿಯಾಗಿ ಬರೆದರು. ನಾವು ಅವರ ಪಕ್ಷವನ್ನು ಹಿಡಿಯಲಿಲ್ಲ. ಗಂಟೆಗೆ ನೂರು ಕಿಲೋಮೀಟರು ವೇಗದ ವಾಹನಗಳ ನಡುವೆ ಹದಿನೈದರ ಸೈಕಲ್ಲು ಹೋಗುವುದು ಹಕ್ಕಿನ ಮಾತಲ್ಲ, ಪ್ರಾಣದ ಮಾತು. ಲೈಪ್‌ಜಿಗ್ಗಿನ ನ್ಯಾಯಾಧೀಶರು ಹೇಳಿದ ವಿಶೇಷ ಅಪಾಯವೆಂದರೆ ಇಂಥದೇ ಇರಬೇಕು. ಆದರೆ ನಮ್ಮ ಬಡಾವಣೆಯ ರಸ್ತೆ ಹೆದ್ದಾರಿಯಲ್ಲ. ಅಲ್ಲಿ ಕಾರುಗಳೂ ಬೆಳಗಿನ ಎಂಟೂವರೆಗೆ ನಮ್ಮಷ್ಟೇ ವೇಗದಲ್ಲಿ ಹೋಗುತ್ತವೆ.

ಈ ವಾದ ಎರಡು ವಾರ ನಡೆಯಿತು. ಅಳಿಯಂದಿರು ಸೋಲಲಿಲ್ಲ, ನಾವೂ ಗೆಲ್ಲಲಿಲ್ಲ. ಕೊನೆಗೆ ಮಗಳೇ ಒಂದು ಮಾತು ಹೇಳಿದಳು: "ಅಪ್ಪ, ನಿಮಗೆ ರಸ್ತೆಯ ಹಕ್ಕು ಬೇಕು. ನನಗೆ ಮಗು ಸಂಜೆ ಮನೆಗೆ ಬಂದರೆ ಸಾಕು." ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ, "ಒಂದು ದಿನ ನೀನೇ ನಮ್ಮ ಹಿಂದೆ ಸ್ಕೂಟರಿನಲ್ಲಿ ಬಂದು ನೋಡು" ಎಂದೆವು.

ಮರುದಿನ ಶನಿವಾರ ಮೂವರೂ ಹೊರಟೆವು. ಮುಂದೆ ಮೊಮ್ಮಗಳು, ನಡುವೆ ನಾವು, ಹಿಂದೆ ಮಗಳು. ದೇವಸ್ಥಾನದವರೆಗೆ ಹಾದಿ ತೆರವಾಗಿತ್ತು; ಅದರಲ್ಲಿಯೇ ಹೋದೆವು. ಅಲ್ಲಿಂದಾಚೆಗೆ ಅಂಗಡಿಗಳ ಸಾಲು, ಕಾರುಗಳ ಸಾಲು. ನಾವು ಕಲಿಸಿದ್ದಂತೆ ಮೊಮ್ಮಗಳು ಹಿಂದಿರುಗಿ ನೋಡಿ, ಬಲಗೈ ಚಾಚಿ, ನಿಧಾನವಾಗಿ ರಸ್ತೆಗೆ ಬಂದು, ನಿಂತ ಕಾರುಗಳ ಬಾಗಿಲಿಗೆ ತಗುಲದಷ್ಟು ದೂರದಲ್ಲಿ ನೇರವಾಗಿ ನಡೆಸಿದಳು. ಹಿಂದೆ ಒಂದು ಟೆಂಪೊ ಇತ್ತು. ಅದು ಹಾರನ್ನು ಮಾಡಿತೋ ಇಲ್ಲವೋ ನಮಗೆ ನೆನಪಿಲ್ಲ, ನಮ್ಮ ಎದೆಯ ಬಡಿತವೇ ಕೇಳಿಸುತ್ತಿತ್ತು. ಮಿಠಾಯಿ ಅಂಗಡಿಯ ಅಡ್ಡರಸ್ತೆಯಲ್ಲಿ ಎಡಕ್ಕೆ ತಿರುಗಬೇಕಾಗಿದ್ದ ಕಾರು ಅವಳ ಹಿಂದೆ ನಿಂತು, ಅವಳು ದಾಟಿದ ಮೇಲೆ ತಿರುಗಿತು. ಶಾಲೆಯ ಹತ್ತಿರ ಹಾದಿ ಮತ್ತೆ ಬರಿದಾಗಿತ್ತು. ಅವಳು ಮತ್ತೆ ಗೆರೆಯೊಳಗೆ ಹೋದಳು.

ಮನೆಗೆ ಬಂದಾಗ ಅಳಿಯಂದಿರು ಗೇಟಿನ ಬಳಿಯೇ ಕಾದಿದ್ದರು. "ಲೇನಿನಲ್ಲೇ ಹೋದಿರಾ?" ಎಂದು ಕೇಳಿದರು.

"ಅರ್ಧ" ಎಂದಳು ಮೊಮ್ಮಗಳು.

ಅವರು ಹೆಂಡತಿಯ ಕಡೆಗೆ ತಿರುಗಿದರು. ಮಗಳು ಹೆಲ್ಮೆಟ್ಟನ್ನು ಬಿಚ್ಚುತ್ತ, "ಆ ಮಿಠಾಯಿ ಅಂಗಡಿಯ ಮುಂದೆ ನಿಮ್ಮ ಸ್ನೇಹಿತರ ಕಾರು ನಿಂತಿತ್ತು ಕಣ್ರೀ, ಲೇನಿನ ಮೇಲೆ. ಅವರಿಗೆ ಸ್ವಲ್ಪ ಹೇಳಿ" ಎಂದು ಒಳಗೆ ಹೋದಳು.